ಗಾಳಿಗೂ ಲೈಸೆನ್ಸ್ ಬೇಕಿದ್ದ ಕಾಲ

ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಹಿಂದೆ ರೇಡಿಯೋ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಅದಕ್ಕೆ ಕಾರಣ ಬ್ರಿಟಿಷರ ಕಾಲದ 1933ರ ವೈರ್‌ಲೆಸ್ ಕಾಯ್ದೆ. ಅದರ ಪ್ರಕಾರ ವೈರ್‌ಲೆಸ್ ಉಪಕರಣವನ್ನು ಲೈಸೆನ್ಸ್ ಇಲ್ಲದೆ ಸುಮ್ಮನೆ ಇಟ್ಟುಕೊಂಡರೂ ಅಪರಾಧವೇ. ರೇಡಿಯೋದವರು ಮೊದಲ ಸಲ ಸಿಕ್ಕಿಬಿದ್ದರೆ 100 ರೂಪಾಯಿವರೆಗೆ ದಂಡ. ಆ ಕಾಲದಲ್ಲಿ ಅದು ಸಣ್ಣ ಮೊತ್ತವೇನಲ್ಲ.

ರೇಡಿಯೋ ಲೈಸೆನ್ಸ್ ಎಂಬತ್ತರ ದಶಕದಲ್ಲಿ ಹೋಯಿತು. ಆದರೆ ಕಾಯ್ದೆ ಉಳಿಯಿತು. ಅದರ ಲೆಕ್ಕದಲ್ಲಿ ಇಂದಿನ ವೈಫೈ ಡಬ್ಬಿಯೂ ವೈರ್‌ಲೆಸ್ ಉಪಕರಣವೇ. 2005ರ ಜನವರಿ 28ರಂದು ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ಕೆಲಸ ಮಾಡುವ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡ ಎಂದಿತು. ನಾವು ಇವತ್ತು ಅಂಗಡಿಯಿಂದ ರೂಟರ್ ತಂದು ಸೀದಾ ಪ್ಲಗ್ಗಿಗೆ ಹಾಕುವುದು ಈ ಆದೇಶದ ಬಲದ ಮೇಲೆ.

ಅದಕ್ಕೆ ಎರಡು ವಾರ ಮುಂಚೆ, ಸಂಕ್ರಾಂತಿಯ ದಿನ, ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಗಿತ್ತು. ಆಗ 256 ಕೆಬಿಪಿಎಸ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. ಕೆಲವು ಪ್ಲಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಕೆ ಉಚಿತ. 700 ಎಂಬಿಯ ಒಂದು ಸಿನಿಮಾ ಇಳಿಯಲು ಸರಿಯಾಗಿ ಆ ಆರು ಗಂಟೆಯೇ ಬೇಕು. ಅಲಾರಾಂ ಇಟ್ಟು ಎದ್ದವರು ನಮ್ಮಲ್ಲೂ ಇದ್ದಾರೆ!

ಹಾಗಾದರೆ ಹಳ್ಳಿಗೆ ಯಾಕೆ ಬರಲಿಲ್ಲ? ಅದು ಬರುತ್ತಿದ್ದದ್ದು ಟೆಲಿಫೋನಿನ ತಾಮ್ರದ ತಂತಿಯಲ್ಲಿ. ಹಳ್ಳಿಯ ಟೆಲಿಫೋನಿನ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆ ಇದೆ. ಏಸಿ ಕೋಣೆ ಇಲ್ಲದೆ, ನಮ್ಮ ಧೂಳು ಬಿಸಿಲು ತಡೆದುಕೊಳ್ಳಲೆಂದೇ ಸಿ-ಡಾಟ್ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಇಂಥ ಎಕ್ಸ್‌ಚೇಂಜ್‌ಗಳಿಂದ ಮಾತು ಎಷ್ಟೋ ದೂರ ಹೋಗುತ್ತಿತ್ತು. ಆದರೆ ತಾಮ್ರದಲ್ಲಿ ಇಂಟರ್ನೆಟ್ ದೂರ ಹೋದಷ್ಟೂ ಸೊರಗುತ್ತದೆ. ನಾಲ್ಕೈದು ಕಿಲೋಮೀಟರ್ ದಾಟಿದರೆ ಕಷ್ಟ. ಎಕ್ಸ್‌ಚೇಂಜ್ ಪಕ್ಕದ ಮನೆಗೆ ಸಿಕ್ಕದ್ದು ತೋಟದ ಮನೆಗೆ ಸಿಗಲಿಲ್ಲ.

2011ರಲ್ಲಿ ಕೇಂದ್ರ ಒಪ್ಪಿದ ಯೋಜನೆ, ಈಗಿನ ಭಾರತ್‌ನೆಟ್, ತಾಮ್ರದ ಬದಲು ಫೈಬರ್ ತಂದಿತು. ಆದರೆ ಮೊದಲ ಗುರಿ ಗ್ರಾಮ ಪಂಚಾಯಿತಿ, ಮನೆಯಲ್ಲ. ಲಾಕ್‌ಡೌನ್ ಕಾಲದಲ್ಲಿ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ್ದನ್ನು ನಾವೆಲ್ಲ ನೋಡಿದ್ದೇವೆ.

ಈಗಲೂ ಓದುಗರು ನಮ್ಮನ್ನು ಕೇಳುತ್ತಾರೆ: ನೆಟ್ ನಿಧಾನ, ನಾಲ್ಕು ಆಂಟೆನಾದ ರೂಟರ್ ತರಲಾ? ರೂಟರ್ ಇಂಟರ್ನೆಟ್ ಹುಟ್ಟಿಸುವುದಿಲ್ಲ. ಮನೆಗೆ ಬಂದದ್ದನ್ನು ಕೋಣೆಗಳಿಗೆ ಹಂಚುತ್ತದೆ, ಅಷ್ಟೇ. ಮೊದಲು ಪಂಚಾಯಿತಿ ಕಚೇರಿಗೆ ಹೋಗಿ, ಫೈಬರ್ ಪೆಟ್ಟಿಗೆ ಎಲ್ಲಿದೆ, ಅದರ ದೀಪ ಉರಿಯುತ್ತಿದೆಯೇ ನೋಡಿ. ಉರಿಯದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಏನು ಉತ್ತರ ಬಂತೆಂದು ನಮಗೂ ತಿಳಿಸಿ.