ವಾಹನದ ಗಾಳಿಕಿಂಡಿಯ ದುರ್ವಾಸನೆ

ಕಾರಿನ ಏಸಿ ಅಥವಾ ಹೀಟರ್ ಹಾಕಿದೊಡನೆ ಕಿಂಡಿಗಳಿಂದ ಬರುವ ಕೆಟ್ಟ ವಾಸನೆ. ಡಬ್ಲಿನ್‌ನ ವಾಯವ್ಯಕ್ಕಿರುವ ಬ್ಲಾಂಚರ್ಡ್ಸ್‌ಟೌನ್‌ನಂಥ ತೇವದ ಹವೆಯ ಊರಿನಲ್ಲಿ ಮೊದಲು ಶಂಕಿಸಬೇಕಾದದ್ದು ಮುಗ್ಗಲು ವಾಸನೆಯನ್ನೇ. ಡ್ಯಾಶ್‌ಬೋರ್ಡ್ ಒಳಗಿನ ಇವ್ಯಾಪರೇಟರ್ ಒದ್ದೆಯಾಗಿಯೇ ಉಳಿದು ಬೂಷ್ಟು ಹಿಡಿಯುತ್ತದೆ. ಮುಂಗಾಜಿನ ಬುಡದಲ್ಲಿ ಸಿಕ್ಕಿಕೊಂಡು ಕೊಳೆತ ತರಗೆಲೆಯೂ ಜೊತೆಗೂಡುತ್ತದೆ. ಎಲೆ ಬಾಚಿ ತೆಗೆದು, ಹಲವು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದಿರುವ ಕ್ಯಾಬಿನ್ ಫಿಲ್ಟರ್ ಬದಲಿಸಿ, ಇವ್ಯಾಪರೇಟರ್‌ಗೆ ಶುಚಿಕಾರಕ ನೊರೆ ಹೊಡೆಯಬೇಕು. ಸೆಕೆಯ ದಿನ ಏಸಿ ಓಡುತ್ತಿದ್ದರೂ ಕಾರಿನಡಿ ನೀರು ತೊಟ್ಟಿಕ್ಕದಿದ್ದರೆ ಡ್ರೈನ್ ಪೈಪ್ ಕಟ್ಟಿಕೊಂಡಿರಬಹುದು. ಊರು ತಲುಪುವ ಮುನ್ನ ಏಸಿ ಆರಿಸಿ ಫ್ಯಾನ್ ಮಾತ್ರ ಓಡಿಸಿದರೆ ಒಳಗಿನ ಪಸೆ ಆರುತ್ತದೆ. ಸುಗಂಧದ ಡಬ್ಬಿ ತೂಗುಹಾಕುವುದು ಮಾತ್ರ ದಂಡ. ಸಿಹಿ ವಾಸನೆಯೊಂದಿಗೆ ಗಾಜಿಗೆ ಜಿಡ್ಡು ಮಬ್ಬು ಕವಿದರೆ ಹೀಟರ್ ಕೋರ್‌ನಿಂದ ಕೂಲಂಟ್ ಸೋರುತ್ತಿರಬಹುದು. ಸೈಲೆನ್ಸರ್ ಹೊಗೆಯ ವಾಸನೆ ಬಂದರೆ ತಡಮಾಡದೆ ಕಿಟಕಿ ಇಳಿಸಿ, ಗಾಡಿ ನಿಲ್ಲಿಸಿ ಇಳಿಯಬೇಕು. ಅದರ ಜೊತೆ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.