ಹರಿಹರದಿಂದ ಪುಣೆಗೆ ಹೊರಟ ದಂಡು

ದಾವಣಗೆರೆಯಲ್ಲಿ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಹರಿಹರ. ಅಲ್ಲಿ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಈಗ ಇದು ಬರೀ ಜಿಲ್ಲೆಯ ಗಡಿ. ಇನ್ನೂರು ವರ್ಷದ ಹಿಂದೆ ಎರಡು ರಾಜ್ಯಗಳ ಗಡಿಯಾಗಿತ್ತು. ಈಚೆ ಮೈಸೂರು, ಆಚೆ ಮರಾಠರ ಸೀಮೆ.

1803ರ ಮಾರ್ಚ್ 9ರಂದು ಈಸ್ಟ್ ಇಂಡಿಯಾ ಕಂಪನಿಯ ಸುಮಾರು 10,000 ಜನರ ದಂಡು ಹರಿಹರದಿಂದ ಪುಣೆಗೆ ಹೊರಟಿತು. ಅದರ ಮುಂದಾಳು ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಮೈಸೂರಿನ ಕುದುರೆ ಸವಾರರೂ ಜೊತೆಗಿದ್ದರು. ಕೆಲಸ ಏನು? ಪುಣೆ ಬಿಟ್ಟು ಓಡಿದ್ದ ಪೇಶ್ವೆ ಎರಡನೇ ಬಾಜಿರಾಯನನ್ನು ಮತ್ತೆ ಗಾದಿಗೆ ಕೂರಿಸುವುದು.

ಮರಾಠರಂಥ ಮರಾಠರಿಗೆ ಈ ಗತಿ ಯಾಕೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1780ರಲ್ಲಿ ಹೈದರಾಲಿ, ಮರಾಠರು ಮತ್ತು ನಿಜಾಮ ಮೂವರೂ ಕಂಪನಿಯ ವಿರುದ್ಧ ಒಂದಾಗಿದ್ದರು. ಆ ಒಗ್ಗಟ್ಟು ಬಹಳ ದಿನ ಉಳಿಯಲಿಲ್ಲ. ನಿಜಾಮ ಹಿಂದೆ ಸರಿದ. ಮರಾಠರು 1782ರಲ್ಲಿ ಸಾಲ್‌ಬಾಯಿಯಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು.

1790ರಲ್ಲಿ ಲೆಕ್ಕವೇ ತಿರುಗಿತು. ಈ ಸಲ ಮರಾಠರು, ನಿಜಾಮ ಮತ್ತು ಕಂಪನಿ ಒಂದು ಕಡೆ, ಟಿಪ್ಪು ಒಬ್ಬನೇ ಇನ್ನೊಂದು ಕಡೆ. ಮರಾಠರ ಪರಶುರಾಮ ಭಾವು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1791ರಲ್ಲಿ ಧಾರವಾಡ ಹಿಡಿದ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಮರಾಠರ ಗಡಿ ತುಂಗಭದ್ರೆಗೆ ಬಂತು.

ಆದರೆ ಈ ಮೈತ್ರಿ ನಿಂತಿದ್ದು ಟಿಪ್ಪುವಿನ ಭಯದ ಮೇಲೆ. ಭಯ ಕಡಿಮೆಯಾದದ್ದೇ ತಡ, 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನ ಮೇಲೇ ಬಿದ್ದು ಗೆದ್ದರು. ಮಿತ್ರನಾಗಿದ್ದ ಕಂಪನಿ ನಡುವೆ ಬರಲಿಲ್ಲ.

ಹೆದರಿದ ನಿಜಾಮ 1798ರಲ್ಲಿ ಕಂಪನಿಯ ದಂಡನ್ನೇ ಕಾವಲಿಗೆ ಇಟ್ಟುಕೊಂಡ. ಶಾಲೆಯಲ್ಲಿ ನಾವು ಓದಿದ ಸಹಾಯಕ ಸೈನ್ಯ ಪದ್ಧತಿ ಇದೇ. ದಂಡು ಕಂಪನಿಯದು, ಖರ್ಚು ರಾಜನದು. ಆ ಖರ್ಚಿಗಾಗಿ 1800ರಲ್ಲಿ ನಿಜಾಮ ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಟಿಪ್ಪುವಿನಿಂದ ಗೆದ್ದು ಹಂಚಿಕೊಂಡ ನೆಲವೇ ಹೀಗೆ ಕೈಬಿಟ್ಟಿತು.

ಟಿಪ್ಪು 1799ರಲ್ಲಿ ಮಡಿದ. ಹೋಳ್ಕರನಿಗೆ ಸೋತ ಬಾಜಿರಾಯ 1802ರ ಕೊನೆಯಲ್ಲಿ ಬಸ್ಸೀನ್‌ನಲ್ಲಿ ಅದೇ ಷರತ್ತಿಗೆ ಸಹಿ ಹಾಕಿದ. ಅದರ ಮೇಲೆಯೇ ಹರಿಹರದಿಂದ ದಂಡು ಹೊರಟದ್ದು. ಬಾಜಿರಾಯನಿಗೆ ಗಾದಿ ಸಿಕ್ಕಿತು. 1818ರಲ್ಲಿ ಅದೇ ಕಂಪನಿ ಪೇಶ್ವೆಗಿರಿಯನ್ನೇ ಮುಗಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮೈಸೂರಿನ ಪಾಡೂ ಬೇರೆಯಲ್ಲ. 1799ರಿಂದ ಕಂಪನಿಯ ದಂಡಿಗೆ ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕಿತ್ತು. ಆ ಹಣ ಬರುವುದು ರೈತರ ಕಂದಾಯದಿಂದಲೇ. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಕಿರುಕುಳ ತಾಳದೆ ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಮೈಸೂರಿನ ಆಡಳಿತ ಕಿತ್ತುಕೊಂಡಿತು.

ನೆರೆಯ ರಾಜ್ಯಗಳು ಒಂದಾಗುವುದು ತಪ್ಪಲ್ಲ. ಈ ಮೂವರಲ್ಲಿ ಇಲ್ಲದೇ ಹೋದದ್ದು ಪರಸ್ಪರ ನಂಬಿಕೆ. ಅದಿಲ್ಲದ ಕಡೆ ಕಾವಲು ಹೊರಗಿನವನ ಕೈಗೆ ಹೋಯಿತು, ಅದರ ಖರ್ಚು ನಮ್ಮ ಹೊಲಗಳ ಮೇಲೆ ಬಿತ್ತು.