ಹಕ್ಕಿಯ ಹಾಡು, ಜೇನಿನ ವಾಸನೆ: ಪ್ರಾಣಿಗಳ ಮಾತುಕತೆ

ಬೇಸಿಗೆಯ ನಸುಕಿನಲ್ಲಿ, ಆಟೋಗಳ ಸದ್ದು ಏಳುವ ಮುನ್ನ, ಕಲಬುರಗಿಯ ಜೇವರ್ಗಿ ಕಾಲೋನಿಯಂತಹ ಬಡಾವಣೆಗಳ ಮರಗಳಿಂದ ಕೇಳಿಬರುವ ಕೋಗಿಲೆಯ ಇಂಪಾದ ಕೂಗು ಗಂಡು ಹಕ್ಕಿಯದು. ಹೆಣ್ಣು ಕೋಗಿಲೆ ‘ಕಿಕ್ ಕಿಕ್’ ಎಂದು ಕರ್ಕಶವಾಗಿ ಕೂಗುತ್ತದೆಯೇ ಹೊರತು ಹಾಡುವುದಿಲ್ಲ. ಕವಿಗಳಿಗೆ ಬೇಸರವಾಗಬಹುದಾದ ಇನ್ನೊಂದು ಸಂಗತಿಯೂ ಇದೆ. ಪಕ್ಷಿ ವಿಜ್ಞಾನದ ವರ್ಗೀಕರಣದಲ್ಲಿ ಕೋಗಿಲೆ ಹಾಡುಹಕ್ಕಿಯೇ ಅಲ್ಲ. ಅದರ ಮರಿಯನ್ನು ಸಾಕುವ ಕಾಗೆ ಹಾಡುಹಕ್ಕಿ!

ಇಲ್ಲಿ ಇಂಪು ಅಳತೆಗೋಲಲ್ಲ. ಹಕ್ಕಿಗಳ ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ‘ಸಿರಿಂಕ್ಸ್’ ಎಂಬ ಧ್ವನಿಯಂಗವಿದೆ. ಹಾಡುಹಕ್ಕಿಗಳಲ್ಲಿ ಇದರ ಸ್ನಾಯುಗಳು ಬಹು ಸಂಕೀರ್ಣ. ಎಡ, ಬಲ ಕವಲುಗಳಿಂದ ಏಕಕಾಲಕ್ಕೆ ಬೇರೆ ಬೇರೆ ಸ್ವರ ಹೊರಡಿಸಬಲ್ಲವು. ಜೊತೆಗೆ ಇವು ಹಿರಿಯ ಹಕ್ಕಿಗಳ ಹಾಡು ಕೇಳಿ ಕಲಿಯುತ್ತವೆ. ಕೋಗಿಲೆಗೆ ಆ ಪಾಠ ಬೇಕಿಲ್ಲ. ಕಾಗೆಯ ಗೂಡಿನಲ್ಲಿ ಬೆಳೆದರೂ ದೊಡ್ಡದಾದ ಮೇಲೆ ಅದು ಕೂಗುವುದು ಕೋಗಿಲೆಯಂತೆಯೇ.

ಊರೊಳಗಿನ ನಿಜವಾದ ಗಾಯಕ ಕಪ್ಪು-ಬಿಳುಪು ಬಣ್ಣದ ಮಡಿವಾಳ ಹಕ್ಕಿ. ಹರಿದ್ವಾರದಲ್ಲಿ ಈ ಹಕ್ಕಿಯ ಧ್ವನಿಗಳನ್ನು ಕುರಿತು ವಿವರವಾದ ಅಧ್ಯಯನಗಳು ನಡೆದಿವೆ. ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡು ಎತ್ತರದ ಜಾಗದಲ್ಲಿ ಕುಳಿತು ಹಾಡುವ ಹಾಡಿಗೆ ಎರಡು ಅರ್ಥಗಳಿವೆ. ಹೆಣ್ಣಿಗೆ ಅದು ಆಹ್ವಾನ. ಬೇರೆ ಗಂಡುಗಳಿಗೆ, ‘ಇದು ನನ್ನ ಜಾಗ’ ಎಂಬ ಎಚ್ಚರಿಕೆ.

ಈ ಸಂದೇಶ ತಲುಪಬೇಕಾದರೆ ಕೇಳಿಸಬೇಕಷ್ಟೆ. ನಗರದ ಗದ್ದಲ ಹೆಚ್ಚಾಗಿ ಕೆಳಸ್ತರದ ಧ್ವನಿ. ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಗದ್ದಲದ ಜಾಗಗಳ ಚೇಕಡಿ ಹಕ್ಕಿಗಳು ಹೆಚ್ಚು ಎತ್ತರದ ಸ್ವರದಲ್ಲಿ ಹಾಡುತ್ತವೆ ಎಂಬುದನ್ನು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸ್ವರ ಬದಲಿಸಲಾಗದ ಹಕ್ಕಿಗಳಿಗೆ ಹಾರ್ನುಗಳ ನಡುವೆ ಸಂಗಾತಿ ಸಿಗುವುದು ಕಷ್ಟವೇ ಸರಿ.

ವಾಸನೆಯ ಭಾಷೆಗೆ ಗದ್ದಲದ ಕಾಟವಿಲ್ಲ. ಗಂಡು ಕೃಷ್ಣಮೃಗ ಕಣ್ಣಿನ ಬಳಿಯ ಗ್ರಂಥಿಯನ್ನು ಗಿಡಗಂಟಿಗಳಿಗೆ ಉಜ್ಜಿ ತನ್ನ ಗಡಿಯನ್ನು ಗುರುತು ಮಾಡುತ್ತದೆ. ಬೀದಿನಾಯಿ ಕಂಬಕ್ಕೆ ಮೂತ್ರ ಮಾಡುವುದೂ ಇಂಥದೇ ಸಂದೇಶ. ಆದರೆ ಮನುಷ್ಯರು ತಿಳಿದಿರಲೇಬೇಕಾದದ್ದು ಜೇನಿನ ವಾಸನೆ.

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಕಮಲಾಪುರವು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆಗೆ ಹೆಸರಾದ ಊರು. ಬಾಳೆಹಣ್ಣಿನ ಕಂಪಿಗೆ ಮುಖ್ಯ ಕಾರಣಗಳಲ್ಲೊಂದು ಐಸೋಅಮೈಲ್ ಅಸಿಟೇಟ್ ಎಂಬ ರಾಸಾಯನಿಕ. ಕುಟುಕುವ ಜೇನಿನ ಕೊಂಡಿಯಿಂದ ಹೊಮ್ಮುವ ಅಪಾಯದ ವಾಸನೆಯಲ್ಲಿ ಇರುವುದೂ ಇದೇ ಎಂದು ವಿಜ್ಞಾನಿಗಳು 1962ರಲ್ಲಿ ಕಂಡುಕೊಂಡರು. ಜೇನುಪೆಟ್ಟಿಗೆಯ ಬಳಿ ಬಾಳೆಹಣ್ಣು ತಿನ್ನಬೇಡಿ ಎಂದು ಜೇನು ಸಾಕುವವರು ಹೇಳುವುದು ಇದೇ ಕಾರಣಕ್ಕೆ.

ನೀರಿನ ಟ್ಯಾಂಕು, ಎತ್ತರದ ಕಟ್ಟಡಗಳಿಗೆ ಗೂಡು ಕಟ್ಟುವ ಹೆಜ್ಜೇನಿನಲ್ಲಿ ಇದರ ಜೊತೆಗೆ ಬೇಗ ಆರದ ಇನ್ನೊಂದು ರಾಸಾಯನಿಕವೂ ಇದೆ. ಹೀಗಾಗಿ ಒಂದು ಹುಳು ಕುಟುಕಿದರೆ ಆ ಜಾಗವೇ ಉಳಿದವುಗಳಿಗೆ ಗುರಿಯಾಗುತ್ತದೆ. ಕೈ ಬೀಸಿ ಹುಳು ಹೊಡೆಯುವುದು ಅಪಾಯವನ್ನು ಹೆಚ್ಚಿಸುತ್ತದೆ. ಮುಖ ಮುಚ್ಚಿಕೊಂಡು ಓಡಿ, ಬಾಗಿಲು ಹಾಕಿದ ಕೋಣೆ ಸೇರುವುದು ಸರಿಯಾದ ಕ್ರಮ. ಚರ್ಮದಲ್ಲಿ ಉಳಿದ ಕೊಂಡಿ ವಿಷವನ್ನೂ ವಾಸನೆಯನ್ನೂ ಸುರಿಸುತ್ತಲೇ ಇರುವುದರಿಂದ ಅದನ್ನು ಉಗುರಿನಿಂದ ಬೇಗ ಕೆರೆದು ತೆಗೆಯಬೇಕು. ಬಹಳ ಕಡೆ ಕುಟುಕಿದ್ದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜೇನು ಕೀಳುವವರು ಹೊಗೆ ಹಾಕುವುದರ ಗುಟ್ಟೂ ಇಲ್ಲಿದೆ. ಹೊಗೆ ಬಡಿದಾಗ ಹುಳುಗಳು ಆ ವಾಸನೆಯನ್ನು ಗ್ರಹಿಸುವ ಶಕ್ತಿ ಕೆಲಹೊತ್ತು ಕುಂದುತ್ತದೆ.

ಒಂದೇ ಜಾತಿಯ ಜೀವಿಗಳ ನಡುವೆ ಸಂದೇಶ ಒಯ್ಯುವ ಇಂತಹ ರಾಸಾಯನಿಕಗಳಿಗೆ ‘ಫೆರೋಮೋನ್’ ಎಂಬ ಹೆಸರು ಬಂದದ್ದು 1959ರಲ್ಲಿ. ಅದೇ ವರ್ಷ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ರೇಷ್ಮೆ ಪತಂಗದ ಫೆರೋಮೋನನ್ನು ಗುರುತಿಸಿದರು. ಅದಕ್ಕೆ ಸುಮಾರು 5 ಲಕ್ಷ ಪತಂಗಗಳು ಬೇಕಾದವಂತೆ!

ಆ ವಿದ್ಯೆ ಇಂದು ಕಲಬುರಗಿಯ ತೊಗರಿ ಹೊಲಕ್ಕೂ ಬಂದಿದೆ. ತೊಗರಿಯನ್ನು ಹಾಳುಗೆಡವುವ ಕಾಯಿಕೊರಕದ ಹೆಣ್ಣು ಪತಂಗ ರಾತ್ರಿ ವೇಳೆ ವಾಸನೆ ಬೀರಿ ಗಂಡನ್ನು ಕರೆಯುತ್ತದೆ. ಆ ವಾಸನೆಯ ಎರಡು ಪ್ರಮುಖ ಅಂಶಗಳನ್ನು 97:3ರ ಪ್ರಮಾಣದಲ್ಲಿ ಬೆರೆಸಿ ರಬ್ಬರ್ ಬಿಲ್ಲೆಗೆ ಸೇರಿಸುತ್ತಾರೆ. ಹೆಕ್ಟೇರಿಗೆ 5ರಂತೆ ಮೋಹಕ ಬಲೆಗಳನ್ನು ನೆಟ್ಟರೆ ಗಂಡುಗಳು ಬಂದು ಬೀಳುತ್ತವೆ. ಬಲೆಯೊಂದರಿಂದಲೇ ಕೀಟ ನಾಶವಾಗದು. ಬಿದ್ದ ಪತಂಗಗಳನ್ನು ಎಣಿಸಿ ಸಿಂಪಡಣೆಯ ಸಮಯ ನಿರ್ಧರಿಸುವುದೇ ಇದರ ಮುಖ್ಯ ಪ್ರಯೋಜನ. ಹಲವು ಕೀಟನಾಶಕಗಳಿಗೆ ನಿರೋಧ ಬೆಳೆಸಿಕೊಂಡಿರುವ ಹುಳುವಿನ ವಿಷಯದಲ್ಲಿ ಅನಗತ್ಯ ಸಿಂಪಡಣೆ ತಪ್ಪಿದರೆ ರೈತನಿಗೆ ಅದೇ ದೊಡ್ಡ ಉಳಿತಾಯ. ಬಿಲ್ಲೆಯ ವಾಸನೆ ಕೆಲವೇ ವಾರಗಳಲ್ಲಿ ಕುಂದುವುದರಿಂದ ಆಗಾಗ ಬದಲಿಸಬೇಕು. ಕೊಳ್ಳುವಾಗ ಕೀಟದ ಹೆಸರು ನೋಡಿಯೇ ಕೊಳ್ಳಬೇಕು. ಬೇರೆ ಕೀಟದ ಬಿಲ್ಲೆ ತೂಗುಹಾಕಿದರೆ ಈ ಪತಂಗ ಅತ್ತ ಸುಳಿಯದು.